ಉಜ್ಜಿದ ಪ್ಲಗ್, ಹೊಸ ನಿಕಲ್, ಇರಿಡಿಯಂ: ಒಂದೇ ಕಾರಿನಲ್ಲಿ ಮೂರೂ ಹಾಕಿ ನೋಡಿದೆ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನನ್ನ ಸ್ವಿಫ್ಟ್ ಮೊದಲ ಸಲ ಮುಗ್ಗರಿಸಿತು. ಮೂರನೇ ಗೇರ್, ಒಳಗೆ ಐದು ಜನ, ಡಿಕ್ಕಿ ತುಂಬ ಮಂಗಳೂರಿನ ಸಾಮಾನು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಗಡಗಡ ನಡುಗಿತೇ ಹೊರತು ಎಳೆಯಲಿಲ್ಲ. ಸಕಲೇಶಪುರ ಕಳೆದು ಹಾಸನದ ಕಡೆ ಸಮ ರಸ್ತೆ ಸಿಕ್ಕಿದ್ದೇ ತಡ, ಮತ್ತೆ ಬೆಣ್ಣೆಯ ಹಾಗೆ ಓಡಿತು. 2012ರ ಪೆಟ್ರೋಲ್ ಗಾಡಿ ಅದು. ಆಗ ಮೀಟರ್ 46 ಸಾವಿರ ಕಿ.ಮೀ. ತೋರಿಸುತ್ತಿತ್ತು. ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗುಗಳು ಕೊಂಡಾಗ ಇದ್ದವೇ ಇನ್ನೂ ಇದ್ದವು.

"ಮಿಸ್ಸಿಂಗ್ ಹೊಡೀತಿದೆ ಸರ್" ಅಂದರು ನಮ್ಮ ಮೆಕ್ಯಾನಿಕ್. ಘಾಟಿಯಲ್ಲಿ ಮಾತ್ರ ಯಾಕೆ ಅಂತ ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಏರಿನಲ್ಲಿ ನಾವು ಜಾಸ್ತಿ ಒತ್ತುತ್ತೇವೆ, ಸಿಲಿಂಡರಿಗೆ ಗಾಳಿ ಜಾಸ್ತಿ ನುಗ್ಗುತ್ತದೆ, ಒಳಗೆ ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಕಿಡಿ ಹಾರಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು. ಪ್ಲಗ್ ಸವೆದು ಗ್ಯಾಪ್ (ನಡುವಿನ ತುದಿಗೂ ಮೇಲಿನ ಕೊಕ್ಕೆಗೂ ಮಧ್ಯೆ ಕಿಡಿ ಹಾರುವ ಸಂದು) ಅಗಲವಾಗಿದ್ದರೆ ಇನ್ನೂ ಜಾಸ್ತಿ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಕೈಯಲ್ಲಿ ಅಷ್ಟು ಆಗದೆ ಇದ್ದಾಗ ಕಿಡಿ ತಪ್ಪುತ್ತದೆ, ಅದೇ ಮಿಸ್ಸಿಂಗ್. ಅದಕ್ಕೇ ಪ್ಲಗ್ಗಿನ ಕಾಯಿಲೆ ಮೊದಲು ಗೊತ್ತಾಗುವುದು ಏರಿನಲ್ಲಿ.

ಮೊದಲು ಮಾಡಿದ್ದು ಮಾವನವರ ಮದ್ದು. "ಹೊಸದು ಯಾಕೆ ಅಳಿಯಂದ್ರೆ? ಉಪ್ಪು ಕಾಗದದಲ್ಲಿ ಉಜ್ಜಿ ಹಾಕಿ" ಅಂದರು. ಅವರು ಪ್ರೀಮಿಯರ್ ಪದ್ಮಿನಿ ಓಡಿಸಿದವರು. ಪ್ಲಗ್ ಅಂದರೆ ಅವರ ಬಾಯಲ್ಲಿ ಇವತ್ತಿಗೂ 'ಮೈಕೋ'. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 1951ರಲ್ಲಿ ಶುರುವಾಗಿದ್ದು. 2008ರಲ್ಲಿ ಹೆಸರು ಬಾಷ್ ಅಂತಾಯಿತು, ಆ ಹೆಸರಿನ ಬಡಾವಣೆ ಮೈಕೋ ಲೇಔಟ್ ಮಾತ್ರ ಹಾಗೇ ಉಳಿದಿದೆ.

ಉಜ್ಜಿದೆವು. ಗ್ಯಾಪ್ ಅಳೆದರೆ 1.4 ಮಿ.ಮೀ., ಇರಬೇಕಾಗಿದ್ದು ಸುಮಾರು 1. ಮೇಲಿನ ಕೊಕ್ಕೆಯನ್ನು ಮೆಲ್ಲಗೆ ತಟ್ಟಿ ಸರಿ ಮಾಡಿದೆವು. ಮುಂದಿನ ಸಲ ಘಾಟಿ ಸಲೀಸಾಗಿ ಹತ್ತಿತು. ಮಾವನವರ ಮುಖ ನೋಡಬೇಕಿತ್ತು! ಆದರೆ ಮೂರು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಅದೇ ಘಾಟಿಯ ದೋಣಿಗಲ್ ಹತ್ತಿರ ಮತ್ತೆ ಅದೇ ನಡುಕ.

ಮಾವನವರು ಹೇಳಿದ್ದು ಸುಳ್ಳಲ್ಲ, ಅವರ ಕಾಲದ ಗಾಡಿಗೆ ಅದು ನಿಜ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಇದ್ದಾಗ ಪೆಟ್ರೋಲ್ ಒಂದಿಷ್ಟು ಜಾಸ್ತಿಯೇ ಹೋಗುತ್ತಿತ್ತು, ಪ್ಲಗ್ಗಿಗೆ ಮಸಿ ಕಟ್ಟುತ್ತಿತ್ತು. ಪೆಟ್ರೋಲಿನಲ್ಲಿ ಸೀಸವೂ ಇತ್ತು, ದೇಶದಲ್ಲೆಲ್ಲ ಅದು ನಿಂತಿದ್ದು 2000ದಲ್ಲಿ. ಆಗಿನ ಪ್ಲಗ್ ಕೆಡುತ್ತಿದ್ದುದು ಕೊಳೆಯಿಂದ, ಉಜ್ಜಿದರೆ ಸರಿಹೋಗುತ್ತಿತ್ತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಪ್ಲಗ್ ಕೊಳೆಯಾಗುವುದಕ್ಕಿಂತ ಸವೆಯುವುದೇ ಜಾಸ್ತಿ. ಕಿಡಿ ಹಾರಲು ಚೂಪಾದ ಅಂಚು ಬೇಕು. ದುಂಡಗಾಗಿರುವ ಅಂಚನ್ನು ಉಪ್ಪು ಕಾಗದ ಇನ್ನೂ ದುಂಡಗೆ ಮಾಡುತ್ತದೆ, ಅಷ್ಟೇ.

49 ಸಾವಿರಕ್ಕೆ ಹೊಸ ನಿಕಲ್ ಪ್ಲಗ್ ಹಾಕಿಸಿದೆ. ನಾಲ್ಕಕ್ಕೂ ಸೇರಿ ಐನೂರು ರೂಪಾಯಿ ಒಳಗೆ. ಅಂಗಡಿಯಲ್ಲಿ 'ಕಾಪರ್ ಪ್ಲಗ್' ಅಂತಾರೆ, ತಾಮ್ರ ಇರುವುದು ಒಳಗಿನ ಕಡ್ಡಿಯಲ್ಲಿ. ಕಿಡಿ ಹಾರುವ ತುದಿ ನಿಕಲ್ ಮಿಶ್ರಲೋಹದ್ದು, ಸುಮಾರು 2.5 ಮಿ.ಮೀ. ದಪ್ಪ. ಹಾಕಿದ ದಿನವೇ ಬೇರೆ ಕಾರು ಓಡಿಸಿದ ಹಾಗಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗಿಗೆ ಬರುತ್ತಿದ್ದ ಸಣ್ಣ ಅದುರು ನಿಂತಿತು. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕುವುದು ನನ್ನ ಚಟ. ಹಳೇ ಪ್ಲಗ್ಗಿನಲ್ಲಿ ಲೀಟರಿಗೆ 14.6 ಇದ್ದಿದ್ದು 16.1ಕ್ಕೆ ಏರಿತು. ಉಜ್ಜಿದಾಗ ಬಂದಿದ್ದು 14.9.

88 ಸಾವಿರಕ್ಕೆ ಮತ್ತೆ ಬದಲಿಸುವ ಹೊತ್ತು. ಈ ಸಲ ಆಸೆ ತಡೆಯಲಿಲ್ಲ, ಇರಿಡಿಯಂ ಲೋಹದ ತುದಿಯ ಪ್ಲಗ್ ಕೊಂಡೆ. ನಾಲ್ಕಕ್ಕೆ 2,800 ರೂಪಾಯಿ. ಇದರ ತುದಿ ಸೂಜಿಯಂತೆ, 0.4ರಿಂದ 0.6 ಮಿ.ಮೀ. ಸಣ್ಣ ತುದಿ ಆದ್ದರಿಂದ ಕಮ್ಮಿ ವೋಲ್ಟೇಜಿಗೇ ಕಿಡಿ ಹಾರುತ್ತದೆ. ನಿಕಲ್ಲನ್ನು ಅಷ್ಟು ಸಣ್ಣಗೆ ಮಾಡಿದರೆ ಬೇಗ ಸವೆದು ಹೋಗುತ್ತದೆ. ನಿಕಲ್ ಕರಗುವುದು 1,455 ಡಿಗ್ರಿ ಸೆಲ್ಸಿಯಸ್‌ಗೆ, ಇರಿಡಿಯಂ 2,446ಕ್ಕೆ.

ಪಿಕಪ್ ಹಾರಿಹೋಗುತ್ತದೆ ಅಂತ ಕಾದೆ. ಹಾರಲಿಲ್ಲ. ಮೈಲೇಜ್ 16.3. ಹೊಸ ನಿಕಲ್ಲಿಗೂ ಇದಕ್ಕೂ 0.2 ವ್ಯತ್ಯಾಸ, ಅದು ಟೈರಿನ ಗಾಳಿಯಿಂದಲೂ ಬಂದಿರಬಹುದು. ಇರಿಡಿಯಂ ಹಾಕಿ "ಗಾಡಿ ರಾಕೆಟ್ ಆಯ್ತು" ಅನ್ನುವವರಲ್ಲಿ ಹೆಚ್ಚಿನವರು ಸತ್ತ ಪ್ಲಗ್ ತೆಗೆದು ಹೊಸದು ಹಾಕಿದವರು ಅನ್ನೋದು ನನ್ನ ಗುಮಾನಿ. ಆ ಖುಷಿ ಐನೂರು ರೂಪಾಯಿಗೂ ಸಿಗುತ್ತದೆ.

ಹಾಗಾದರೆ ಜಾಸ್ತಿ ಕೊಟ್ಟ ದುಡ್ಡು ಯಾತಕ್ಕೆ? ಬಾಳಿಕೆಗೆ. ನಿಕಲ್ ಸಾಮಾನ್ಯವಾಗಿ 30–40 ಸಾವಿರ ಕಿ.ಮೀ., ಒಳ್ಳೆಯ ಇರಿಡಿಯಂ ಲಕ್ಷದ ಹತ್ತಿರ. ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯವರು ಹೇಳುವುದಿಲ್ಲ. ಕೆಲವು ಇರಿಡಿಯಂ ಪ್ಲಗ್ಗಿನಲ್ಲಿ ನಡುವಿನ ತುದಿ ಮಾತ್ರ ಇರಿಡಿಯಂ, ಮೇಲಿನ ಕೊಕ್ಕೆ ಮಾಮೂಲಿ ನಿಕಲ್. ಕೊಕ್ಕೆ ಸವೆಯುತ್ತಲೇ ಇರುತ್ತದಲ್ಲ, ಅದು ಲಕ್ಷ ಕಿ.ಮೀ. ಬರುವುದಿಲ್ಲ. ಕೊಕ್ಕೆಗೂ ಪ್ಲಾಟಿನಂ ಚುಕ್ಕೆ ಇರುವುದನ್ನು ಕೇಳಿ ತಗೊಳ್ಳಿ.

ಪ್ಲಗ್ಗಿನ ಮೇಲಿನ ನಂಬರ್ ವಿಷಯದಲ್ಲೂ ಹುಷಾರು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ "6 ಇಲ್ಲ, 7 ಹಾಕಿ, ಎಲ್ಲಾ ಒಂದೇ" ಅಂದರು. ಒಂದೇ ಅಲ್ಲ. ಆ ಅಂಕಿ ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಅನ್ನುವುದರ ಗುರುತು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ (ಶಾಖ ಬೇಗ ಬಿಡುತ್ತದೆ), ಬಾಷ್‌ನಲ್ಲಿ ಉಲ್ಟಾ. ಮ್ಯಾನುಯಲ್ಲಿನಲ್ಲಿ ಇರುವುದನ್ನೇ ಹಾಕಿ.

ಇರಿಡಿಯಂ ನಾನೇ ಕೂರಿಸಿದೆ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ ಬಿಸಿ ಇದ್ದಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಕಾಯಿಲ್ ತೆಗೆದ ಮೇಲೆ ಪ್ಲಗ್ ಇರುವ ಗುಂಡಿಗೆ ಮೊದಲು ಗಾಳಿ ಹೊಡೆಯಬೇಕು, ಇಲ್ಲದಿದ್ದರೆ ಅಲ್ಲಿನ ಮಣ್ಣು ನೇರ ಸಿಲಿಂಡರಿಗೆ. ಮಾವನವರ 21 ಎಂ.ಎಂ. ಪ್ಲಗ್ ಪಾನಾ ಆ ಗುಂಡಿಯೊಳಗೆ ಇಳಿಯಲೇ ಇಲ್ಲ, ಈಗಿನ ಗಾಡಿಗೆ 16 ಅಥವಾ 14 ಬೇಕು.

ಎರಡನೇ ಸಿಲಿಂಡರಿನಲ್ಲಿ ಪ್ಲಗ್ ಅಡ್ಡ ಕೂತು, ಪಾನಾದಲ್ಲಿ ಬಲವಂತ ಮಾಡಿದೆ. ಕರ್ ಅಂತ ಸದ್ದಾಯಿತು, ಎದೆ ಧಸಕ್ ಅಂತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಮೆಕ್ಯಾನಿಕ್ ಫೋನಿನಲ್ಲಿ ಉಪಾಯ ಹೇಳಿದರು: ಒಂದು ಗೇಣು ರಬ್ಬರ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ, ಬೆರಳಲ್ಲಿ ತಿರುಗಿಸಿ. ಅಡ್ಡ ಕೂತರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಯಲ್ಲಿ ಪೂರ್ತಿ ಬಿಗಿಯಾದ ಮೇಲೆ ಪಾನಾದಲ್ಲಿ ಎಷ್ಟು ಸುತ್ತು ಅನ್ನುವುದು ಡಬ್ಬಿಯ ಮೇಲೇ ಇರುತ್ತದೆ, ವಾಷರ್ ಇರುವ ಹೊಸ ಪ್ಲಗ್ಗಿಗೆ ಸಾಮಾನ್ಯವಾಗಿ ಅರ್ಧ ಸುತ್ತಿನ ಆಸುಪಾಸು. ಇರಿಡಿಯಂ ಗ್ಯಾಪ್ ಸರಿ ಮಾಡಲು ಸ್ಕ್ರೂಡ್ರೈವರ್ ತೂರಿಸಬೇಡಿ, ಸೂಜಿ ಮುರಿಯುತ್ತದೆ. ನೆಲಕ್ಕೆ ಬಿದ್ದ ಪ್ಲಗ್ ಕೂಡ ಬೇಡ.

ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಓಡಿಸುವ ನನ್ನಂಥವನಿಗೆ ನಿಕಲ್ ಧಾರಾಳ ಸಾಕು, ನಾಲ್ಕೈದು ವರ್ಷಕ್ಕೊಮ್ಮೆ ಐನೂರು ರೂಪಾಯಿ ಯಾವ ಲೆಕ್ಕ? ನನ್ನ ಷಡ್ಕನಿಗೆ ಮಾತ್ರ ಇರಿಡಿಯಮ್ಮೇ ಹಾಕಿಸು ಅಂದೆ. ಅವನದು ಬೆಂಗಳೂರಿನಲ್ಲಿ ಸಿಎನ್‌ಜಿ ಟ್ಯಾಕ್ಸಿ. ಸಿಎನ್‌ಜಿಗೆ ಬೆಂಕಿ ಹತ್ತಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು, ಪ್ಲಗ್ ಬೇಗ ಸವೆಯುತ್ತದೆ. ಪದೇ ಪದೇ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿದರೆ ಅವನಿಗೆ ದಿನದ ದುಡಿಮೆಯೇ ಹೋಗುತ್ತದೆ.

ನನ್ನ ಗಾಡಿ ಈಗ 1,21,000 ಕಿ.ಮೀ.ಗೆ ಬಂದಿದೆ. ಹೋದ ತಿಂಗಳು ಪ್ಲಗ್ ತೆಗೆದು ನೋಡಿದೆ. ತುದಿ ತಿಳಿ ಕಂದು ಬಣ್ಣ, ಗ್ಯಾಪ್ ಹೆಚ್ಚುಕಮ್ಮಿ ಹಾಗೇ ಇದೆ. ಮನೆಯಲ್ಲಿ ಹೊಸ ಕಾರಿನ ಮಾತು ಶುರುವಾಗಿದೆ. ಮುಂದಿನ ವರ್ಷ ಇದನ್ನು ಮಾರಿದರೆ ನನ್ನ 2,800 ರೂಪಾಯಿಯ ಲಾಭವೆಲ್ಲ ಕೊಂಡವರಿಗೆ. ಮಾವನವರು ಅದನ್ನೇ ಹೇಳಿ ಹೇಳಿ ನಗುತ್ತಾರೆ.