ಯಾವುದು ಮೊದಲು? ವಿಕಿಪೀಡಿಯ ಆ್ಯಪ್‌ನ ದಿನಕ್ಕೈದು ಜೋಡಿ ಇತಿಹಾಸ

ಇತಿಹಾಸದ ಕ್ವಿಜ್ ಅಂದರೆ ಒಂದು ಘಟನೆ ಹೇಳಿ, ನಾಲ್ಕು ಇಸವಿ ಕೊಟ್ಟು, ಒಂದನ್ನು ಆರಿಸಿ ಅನ್ನುವುದು ನಮ್ಮಲ್ಲಿ ರೂಢಿ. ಇಸವಿ ಬಾಯಿಪಾಠ ಇದ್ದವರು ಗೆಲ್ಲುತ್ತಾರೆ, ಮಿಕ್ಕವರು ಬೇಸತ್ತು ಏಳುತ್ತಾರೆ. ವಿಕಿಪೀಡಿಯದ ಆಂಡ್ರಾಯ್ಡ್ ಆ್ಯಪ್‌ನಲ್ಲಿರುವ ‘ವಿಚ್ ಕೇಮ್ ಫಸ್ಟ್?’ ಆಟ ಇಸವಿಯ ಗೋಜಿಗೇ ಹೋಗುವುದಿಲ್ಲ. ಇವತ್ತಿನ ತಾರೀಖಿನಂದೇ, ಆದರೆ ಬೇರೆ ಬೇರೆ ವರ್ಷಗಳಲ್ಲಿ ನಡೆದ ಎರಡು ಘಟನೆಗಳನ್ನು ಮುಂದಿಟ್ಟು, ಯಾವುದು ಮೊದಲು ಎಂದಷ್ಟೇ ಕೇಳುತ್ತದೆ. ದಿನಕ್ಕೆ ಐದು ಜೋಡಿ. ಎರಡು ನಿಮಿಷದಲ್ಲಿ ಮುಗಿಯುತ್ತದೆ, ದುಡ್ಡಿಲ್ಲ. ಆಟ ಮುಗಿದ ಮೇಲೆ ಆ ದಿನದ ಘಟನೆಗಳ ಲೇಖನಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಓದಲು ಉಳಿಸಿಕೊಳ್ಳಬಹುದು. ಹಿಂದಿನ ದಿನಗಳ ಆಟವನ್ನೂ ತೆಗೆದು ಆಡಬಹುದು.

ಈ ಬರಹದ ಹೊತ್ತಿಗೆ ಕನ್ನಡದಲ್ಲಿ ಈ ಆಟ ಇಲ್ಲ. ಆ್ಯಪ್‌ನಲ್ಲಿ ಕನ್ನಡ ಮಾತ್ರ ಹಾಕಿಕೊಂಡವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ವಿಕಿಪೀಡಿಯ ಭಾಷೆಗಳ ಪಟ್ಟಿಗೆ ಇಂಗ್ಲಿಷ್ ಸೇರಿಸಿ, ಮುಖಪುಟವಾದ ಎಕ್ಸ್‌ಪ್ಲೋರ್‌ಗೆ ವಾಪಸ್ ಬನ್ನಿ. ಅಲ್ಲಿಯೂ ಕಾಣದಿದ್ದರೆ ಆ್ಯಪ್ ಹಳೆಯದಿರಬೇಕು, ಅಪ್‌ಡೇಟ್ ಮಾಡಿ.

ಈ ಕ್ರಮ ಯಾಕೆ ಒಳ್ಳೆಯದು ಅನ್ನುವುದಕ್ಕೆ ಜುಲೈ 20 ನೋಡಿ. ಅಪೊಲೊ 11 ಚಂದ್ರನ ಮೇಲಿಳಿದದ್ದು, ವೈಕಿಂಗ್ 1 ಮಂಗಳನ ಮೇಲಿಳಿದದ್ದು ಎರಡೂ ಅದೇ ತಾರೀಖು. ಇಸವಿ ಗೊತ್ತಿಲ್ಲದವರೂ, ಮಂಗಳನನ್ನು ಮುಟ್ಟುವ ಮೊದಲು ಚಂದ್ರನನ್ನು ಮುಟ್ಟಿರಬೇಕು ಎಂದು ಯೋಚಿಸಿ ಸರಿ ಉತ್ತರಕ್ಕೆ ಬರುತ್ತಾರೆ: 1969, 1976. ಏಪ್ರಿಲ್ 12ರಂದು ಗಗಾರಿನ್‌ನ ಬಾಹ್ಯಾಕಾಶ ಯಾನ (1961) ಮತ್ತು ಕೊಲಂಬಿಯಾ ಸ್ಪೇಸ್ ಶಟಲ್‌ನ ಮೊದಲ ಹಾರಾಟ (1981) ಎದುರಾದರೂ ಹಾಗೆಯೇ. ಹೀಗೆ ತರ್ಕದಿಂದ ಗೆದ್ದ ಜೋಡಿ ಮರೆಯುವುದಿಲ್ಲ. ಶಾಲೆಯಲ್ಲಿ ಇತಿಹಾಸ ಕಲಿಸುವವರು ಗಮನಿಸಬೇಕಾದದ್ದು ಇದನ್ನೇ.

ಅಂಕಗಳನ್ನು ಮಾತ್ರ ನಂಬಲು ಹೋಗಬೇಡಿ. ಇರುವುದು ಎರಡೇ ಆಯ್ಕೆ, ಕಣ್ಣುಮುಚ್ಚಿ ಒತ್ತಿದರೂ ಸರಾಸರಿ ಐದಕ್ಕೆ ಎರಡೂವರೆ ಬರುತ್ತದೆ. ಐದೂ ಸರಿಯಾಗುವ ಸಾಧ್ಯತೆ 32ರಲ್ಲಿ 1, ನಾಲ್ಕು ಅಥವಾ ಹೆಚ್ಚು ಬರುವ ಸಾಧ್ಯತೆ 32ರಲ್ಲಿ 6. ಅಂದರೆ ಏನೂ ಗೊತ್ತಿಲ್ಲದವರಿಗೂ ವಾರಕ್ಕೊಮ್ಮೆ ನಾಲ್ಕು ಅಂಕ ಸಿಕ್ಕೀತು. ತಿಂಗಳ ಲೆಕ್ಕ ಇಟ್ಟುಕೊಳ್ಳಿ: 30 ದಿನಕ್ಕೆ 150 ಪ್ರಶ್ನೆ, ಬರೀ ಊಹೆಗೆ ಸುಮಾರು 75. ಮೊತ್ತ 90 ದಾಟಿದರೆ ಅದು ಅದೃಷ್ಟದ ಮಾತಲ್ಲ, ನಿಮಗೆ ಗೊತ್ತಿದೆ ಎಂದೇ ಅರ್ಥ.

ಸುಳಿವು ಇರುವುದು ವಾಕ್ಯದೊಳಗಿನ ಹೆಸರುಗಳಲ್ಲಿ. ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಎಂದಿದ್ದರೆ 1914ರಿಂದ 1924ರ ಒಳಗೆ. ಸೋವಿಯತ್ ಒಕ್ಕೂಟ ಎಂದಿದ್ದರೆ 1922ರಿಂದ 1991. ಪವಿತ್ರ ರೋಮನ್ ಚಕ್ರವರ್ತಿ ಎಂದು ಕಂಡರೆ 1806ರ ಈಚೆಗೆ ಬರುವಂತಿಲ್ಲ. ಕನ್ನಡದವರು ಎಡವುವುದು ಬ್ರಿಟಿಷರ ಕಾಗುಣಿತದಲ್ಲಿ. ಮೇ 4ರ ಘಟನೆಗಳಲ್ಲಿ ‘ಸೆರಿಂಗಪಟಂ’ ಎಂದು ಕಂಡರೆ ಗಾಬರಿ ಬೇಡ, ಅದು ನಮ್ಮ ಶ್ರೀರಂಗಪಟ್ಟಣ, ಟಿಪ್ಪು ಮಡಿದ 1799. ಅದರ ಎದುರಿಗೆ ಷಿಕಾಗೊ ಕಾರ್ಮಿಕರ ಹೇಮಾರ್ಕೆಟ್ ಘಟನೆ (1886) ಬಂದರೆ, ಕಾರ್ಮಿಕ ಚಳವಳಿ ಕಾರ್ಖಾನೆಗಳ ಕಾಲದ್ದು ಎಂಬ ಒಂದೇ ಎಳೆ ಸಾಕು.

ದಿನಾಂಕವನ್ನೇ ನೆಚ್ಚಿದ ಯಾವ ಕ್ವಿಜ್ ಆದರೂ ಕೈಕೊಡುವುದು ಪಂಚಾಂಗದ ವಿಷಯದಲ್ಲಿ. ಪೋಪ್ ಗ್ರೆಗರಿಯ ಸುಧಾರಣೆಯಿಂದ 1582ರ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಬಂತು. ಬ್ರಿಟನ್ ಇದನ್ನು ಒಪ್ಪಿದ್ದು 1752ರಲ್ಲಿ, ರಷ್ಯಾ 1918ರಲ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್ 7ರ ಪಟ್ಟಿಯಲ್ಲಿ ಸಿಗುವುದು ಅದಕ್ಕೇ. ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಗೆಲಿಲಿಯೊಗೆ ಹೊಸ ಕ್ಯಾಲೆಂಡರ್, ನ್ಯೂಟನ್‌ಗೆ ಹಳೆಯದು ಹಿಡಿದರೆ ಮಾತ್ರ ಅದು ನಿಜ. ಇಬ್ಬರಿಗೂ ಹೊಸ ಲೆಕ್ಕವನ್ನೇ ಹಾಕಿದರೆ 1642ರ ಜನವರಿ 8 ಮತ್ತು 1643ರ ಜನವರಿ 4. ಗಡಿಯಾರವೂ ತಾರೀಖು ಬದಲಿಸುತ್ತದೆ: ಅಪೊಲೊ 11 ಇಳಿದಾಗ ಭಾರತದಲ್ಲಿ ಜುಲೈ 21ರ ಬೆಳಗಿನ ಜಾವ 1 ಗಂಟೆ 47 ನಿಮಿಷ.

ಕರ್ನಾಟಕದ ಇತಿಹಾಸ ಇಂಥ ಆಟಗಳಲ್ಲಿ ಅಪರೂಪ ಎಂಬ ದೂರು ಸರಿಯೇ. ಇಂಗ್ಲಿಷ್ ಆವೃತ್ತಿ ಯುರೋಪು, ಅಮೆರಿಕಗಳ ಕಡೆಗೆ ವಾಲಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮ ದಾಖಲೆಗಳ ಸ್ವಭಾವದಲ್ಲಿದೆ. ಶಾಸನ ಕೊಡುವುದು ಶಕ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅದನ್ನು ಇಂಗ್ಲಿಷ್ ತಾರೀಖಿಗೆ ತರುವುದು ಸಣ್ಣ ಕೆಲಸವಲ್ಲ. ಶಕಕ್ಕೆ 78 ಕೂಡಿಸು ಎನ್ನುವುದು ಗತ ವರ್ಷಕ್ಕೆ, ಅಂದರೆ ಮುಗಿದ ವರ್ಷಗಳ ಎಣಿಕೆಗೆ ಸರಿ. ಶಾಸನ ವರ್ತಮಾನ ವರ್ಷ, ಅಂದರೆ ನಡೆಯುತ್ತಿರುವ ವರ್ಷ ಹೇಳಿದ್ದರೆ 77 ಕೂಡಿಸಬೇಕು. ಚೈತ್ರದಲ್ಲಿ ಶುರುವಾಗುವ ವರ್ಷದ ಕೊನೆಯ ತಿಂಗಳುಗಳು ಜನವರಿ ದಾಟುವುದರಿಂದ ಅಲ್ಲಿಗೆ ಇನ್ನೊಂದು ಸೇರಿಸಬೇಕು. ಶಕದ ಅಂಕಿ ಸವೆದು ಸಂವತ್ಸರದ ಹೆಸರಷ್ಟೇ ಉಳಿದಿದ್ದರೆ, ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ, ಆಗ ದೊರೆಯ ಹೆಸರೇ ಆಧಾರ. ತಿಥಿಗೂ ವಾರಕ್ಕೂ ತಾಳೆಯಾದರೆ ಮಾತ್ರ ತಾರೀಖು ಗಟ್ಟಿ. ಹಲ್ಮಿಡಿ ಶಾಸನದಲ್ಲಂತೂ ಇಸವಿಯೇ ಇಲ್ಲ. ಬಸವ ಜಯಂತಿ ಅಕ್ಷಯ ತೃತೀಯದಂದು ಬರುತ್ತದೆ, ಅದಕ್ಕೆ ನಿಗದಿಯಾದ ಇಂಗ್ಲಿಷ್ ತಾರೀಖಿಲ್ಲ. 366 ದಿನಗಳ ಪಟ್ಟಿಯೊಳಗೆ ಇವನ್ನು ಹೊಂದಿಸುವುದು ಹೇಗೆ?

ತಾರೀಖು ಸಿಕ್ಕ ಕಡೆಯೂ ಜಗಳ ಉಂಟು. ರಕ್ಕಸತಂಗಡಿ ಯುದ್ಧಕ್ಕೆ 1565ರ ಜನವರಿ 23 ಮತ್ತು 26 ಎರಡೂ ಚಾಲ್ತಿಯಲ್ಲಿವೆ. ವಿಶ್ವೇಶ್ವರಯ್ಯನವರ ಜನನ ಸೆಪ್ಟೆಂಬರ್ 15 ಎನ್ನುವುದರಲ್ಲಿ ತಕರಾರಿಲ್ಲ, ಇಸವಿ ಮಾತ್ರ ಕೆಲವೆಡೆ 1860, ಕೆಲವೆಡೆ 1861. ‘ಯಾವುದು ಮೊದಲು’ ಮಾದರಿಯ ಸೊಗಸು ಇಲ್ಲಿ ಕಾಣುತ್ತದೆ. ಅದೇ ತಾರೀಖಿನ ದೂರದರ್ಶನದ ಆರಂಭವನ್ನು (1959) ಜೊತೆಗಿಟ್ಟರೆ, ಎರಡರಲ್ಲಿ ಯಾವ ಇಸವಿ ಹಿಡಿದರೂ ಉತ್ತರ ಒಂದೇ.

ಕನ್ನಡದಲ್ಲಿ ಬರುವವರೆಗೆ ಕಾಯಬೇಕಿಲ್ಲ. ಶಾಲೆಗೋ ವಾಟ್ಸ್‌ಆ್ಯಪ್ ಗುಂಪಿಗೋ ಇದೇ ಮಾದರಿಯಲ್ಲಿ ಮಾಡಿಕೊಳ್ಳಬಹುದು. ಕನ್ನಡ ವಿಕಿಪೀಡಿಯದಲ್ಲಿ ದಿನಾಂಕಗಳಿಗೆ ಪ್ರತ್ಯೇಕ ಪುಟಗಳಿವೆ. ಅಲ್ಲಿಂದ ಎಂಟು ಹತ್ತು ಘಟನೆ ಹೆಕ್ಕಿ, ಪ್ರತಿಯೊಂದನ್ನೂ ಇನ್ನೊಂದು ಕಡೆ ತಾಳೆ ನೋಡಿ. ಮೊದಲ ಜೋಡಿಗೆ ನೂರಾರು ವರ್ಷದ ಅಂತರ ಇರಲಿ, ಮುಂದೆ ಹೋದಂತೆ ಅಂತರ ಕಿರಿದಾಗಲಿ. ಮೊದಲಿನಿಂದಲೇ ಬಿಗಿ ಮಾಡಿದರೆ ಎರಡನೇ ದಿನ ಯಾರೂ ಬರುವುದಿಲ್ಲ. ಒಂದೇ ವರ್ಷದ ಎರಡು ಘಟನೆ ಜೋಡಿಯಾಗಬಾರದು. ಆಗಸ್ಟ್ 15ರಲ್ಲಿ ಇದು ನಡೆದುಬಿಡುತ್ತದೆ, ಯಾಕೆಂದರೆ ಇಸ್ರೊ ಸ್ಥಾಪನೆ ಮತ್ತು ವುಡ್‌ಸ್ಟಾಕ್ ಸಂಗೀತೋತ್ಸವದ ಆರಂಭ ಎರಡೂ 1969. ‘ಮೊದಲ’, ‘ಸ್ವತಂತ್ರ ಭಾರತದ’ ಎಂಬಂಥ ಪದಗಳು ಉತ್ತರ ಬಿಟ್ಟುಕೊಡುತ್ತವೆ, ಅವನ್ನು ತೆಗೆಯಿರಿ. ಉತ್ತರದ ಜೊತೆ ಇಸವಿಯನ್ನೂ, ಕಾರಣದ ಒಂದು ಸಾಲನ್ನೂ ಕೊಡುವುದು ಮರೆಯಬೇಡಿ.

ಮಾದರಿಗೆ ನವೆಂಬರ್ 1 ತೆಗೆದುಕೊಳ್ಳಿ, ಆ ದಿನ ಸರಕಿಗೆ ಬರವಿಲ್ಲ. ಒಂದನೆಯದು ಲಿಸ್ಬನ್ ಭೂಕಂಪ ಮತ್ತು ಬೆಂಗಳೂರು ಎಂಬ ಹೆಸರು ಇಂಗ್ಲಿಷ್‌ನಲ್ಲೂ ಅಧಿಕೃತವಾದದ್ದು: 1755, 2014. ಎರಡನೆಯದು ವಿಶಾಲ ಮೈಸೂರು ರಾಜ್ಯ ಮತ್ತು ಛತ್ತೀಸಗಢ: 1956, 2000. ಮೂರನೆಯದಕ್ಕೆ, ಮೈಸೂರು ರಾಜ್ಯ ಕರ್ನಾಟಕವಾದದ್ದರ ಎದುರು ಹರಿಯಾಣ ಹುಟ್ಟಿದ್ದನ್ನು ಇಡಿ. ಇಲ್ಲಿ ಹಲವರು ತಪ್ಪುತ್ತಾರೆ, ನಾಮಕರಣ 1973ರಲ್ಲಿ, ಹರಿಯಾಣ 1966ರಲ್ಲೇ ಆಗಿತ್ತು. ನಾಲ್ಕನೆಯದು ನಿಮ್ಮ ಊರಿನ ಆಯ್ಕೆಗೆ ಇರಲಿ. ಐದನೆಯದಕ್ಕೆ, ಪುದುಚೇರಿಯ ಆಡಳಿತವನ್ನು ಫ್ರೆಂಚರು ಭಾರತಕ್ಕೆ ಬಿಟ್ಟುಕೊಟ್ಟದ್ದು ಮತ್ತು ಪೆಸಿಫಿಕ್‌ನ ಎನಿವಿಟಾಕ್ ದ್ವೀಪದಲ್ಲಿ ಅಮೆರಿಕ ‘ಐವಿ ಮೈಕ್’ ಹೈಡ್ರೋಜನ್ ಬಾಂಬ್ ಸಿಡಿಸಿದ್ದು. ಬಾಂಬ್ 1952, ಪುದುಚೇರಿ 1954. ಎರಡೇ ವರ್ಷದ ಅಂತರ, ಪಟ್ಟಿಯಲ್ಲಿ ಅತಿ ಬಿಗಿ ಇದೇ.