ಕೊಳವೆಬಾವಿಗೆ ತಾಮ್ರದ ಕೇಬಲ್ಲೋ ಅಲ್ಯೂಮಿನಿಯಂ ಕೇಬಲ್ಲೋ: ಒಂದೇ ತೋಟದ ಎರಡು ಬೋರ್‌ಗಳ ಹೋಲಿಕೆ

ಕುಷ್ಟಗಿ ತಾಲ್ಲೂಕಿನ ನಮ್ಮ ದಾಳಿಂಬೆ ತೋಟದಲ್ಲಿ ಎರಡು ಕೊಳವೆಬಾವಿಗಳಿವೆ. ಅಪ್ಪನ ಕಾಲದಲ್ಲಿ ಕೊರೆಸಿದ ಮೊದಲನೆಯದಕ್ಕೆ ಮೂರು ಕೋರಿನ (ಒಳಗೆ ಮೂರು ತಂತಿಗಳಿರುವ) 10 ಸ್ಕ್ವೇರ್ ಎಂ.ಎಂ. ಅಲ್ಯೂಮಿನಿಯಂ ಕೇಬಲ್ ಇಳಿಸಲಾಗಿತ್ತು. ಆಮೇಲೆ ಕೊರೆಸಿದ ಎರಡನೆಯದಕ್ಕೆ 6 ಸ್ಕ್ವೇರ್ ಎಂ.ಎಂ. ತಾಮ್ರದ ಚಪ್ಪಟೆ ಕೇಬಲ್ ಹಾಕಿಸಿದೆವು. ಎರಡರಲ್ಲೂ 7.5 ಎಚ್‌ಪಿ ಮೋಟರು, ಎರಡಕ್ಕೂ ಸುಮಾರು 600 ಅಡಿ ಆಳ, ಸ್ಟಾರ್ಟರ್ ಡಬ್ಬಿಯಿಂದ ಬೋರಿನ ಬಾಯಿಗೆ ಹೆಚ್ಚುಕಡಿಮೆ ಒಂದೇ ದೂರ. ಹೀಗೆ ಸರಿಸಮನಾದ ಎರಡು ವ್ಯವಸ್ಥೆಗಳನ್ನು ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಕರೆಂಟಿನಲ್ಲಿ ಹಲವು ಬೇಸಿಗೆ ನಡೆಸಿ ನೋಡಿದ ಮೇಲೆ, ಈಗ ಹಳೆಯ ಬೋರಿನ ಅಲ್ಯೂಮಿನಿಯಂ ಕೇಬಲ್ಲನ್ನೂ ತೆಗೆಸಿ ತಾಮ್ರವನ್ನೇ ಇಳಿಸಿದ್ದೇನೆ. ಆದ್ದರಿಂದ ನನ್ನ ಒಲವು ತಾಮ್ರದ ಕಡೆಗಿದೆ. ಆದರೆ ಅದಕ್ಕೆ ಕಾರಣ ನಮ್ಮ ಸೀಮೆಯಲ್ಲಿ ಎಲ್ಲರೂ ಹೇಳುವ ಕಾರಣವಲ್ಲ.

ಎಲ್ಲರೂ ಹೇಳುವುದು, ಅಲ್ಯೂಮಿನಿಯಂನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಮೋಟರಿಗೆ ವೋಲ್ಟೇಜ್ ಸಿಗುವುದಿಲ್ಲ ಎಂದು. ಈ ಮಾತು ಅಲ್ಯೂಮಿನಿಯಂಗೆ ಅನ್ಯಾಯ ಮಾಡುತ್ತದೆ. ಅದರ ವಾಹಕತೆ ತಾಮ್ರದ ಶೇ 61ರಷ್ಟು ಎಂಬುದು ನಿಜ, ಆದರೆ ಒಂದು ಅಳತೆ ದಪ್ಪನೆಯದನ್ನು ತಂದರೆ ಆ ಕೊರತೆ ತುಂಬಿಹೋಗುತ್ತದೆ. 6 ಸ್ಕ್ವೇರ್ ಎಂ.ಎಂ. ತಾಮ್ರಕ್ಕೂ 10 ಸ್ಕ್ವೇರ್ ಎಂ.ಎಂ. ಅಲ್ಯೂಮಿನಿಯಂಗೂ ಕಿಲೋಮೀಟರಿಗೆ 3 ಓಮ್‌ಗಿಂತ ತುಸು ಹೆಚ್ಚು ರೋಧವಿದೆ. 4 ಸ್ಕ್ವೇರ್ ಎಂ.ಎಂ. ತಾಮ್ರಕ್ಕೆ 6 ಸ್ಕ್ವೇರ್ ಎಂ.ಎಂ. ಅಲ್ಯೂಮಿನಿಯಂ ಜೋಡಿ. ನಮ್ಮ ಮೋಟರು 15 ಆಂಪಿಯರ್‌ನಷ್ಟು ಎಳೆಯುತ್ತದೆ. ಸ್ಟಾರ್ಟರಿನಿಂದ ಮೋಟರಿನವರೆಗೆ 300 ಮೀಟರ್ ಕೇಬಲ್ ಎಂದು ಹಿಡಿದರೆ 415 ವೋಲ್ಟಿನಲ್ಲಿ ಸುಮಾರು 20 ವೋಲ್ಟ್ ದಾರಿಯಲ್ಲೇ ಬೀಳುತ್ತದೆ, 600 ವಾಟ್‌ನಷ್ಟು ಶಕ್ತಿ ಕೇಬಲ್ಲಿನ ಬಿಸಿಯಾಗಿ ಹೋಗುತ್ತದೆ, ಮತ್ತು ಈ ಲೆಕ್ಕ ಎರಡೂ ಬೋರ್‌ಗಳಿಗೆ ಒಂದೇ. ಬಿಸಿಲಿನಲ್ಲಿ ಬಿದ್ದಿರುವ ಕೇಬಲ್ 60 ಡಿಗ್ರಿಗೆ ಕಾದರೆ ರೋಧ 20 ಡಿಗ್ರಿಯಲ್ಲಿದ್ದುದಕ್ಕಿಂತ ಶೇ 15ರಷ್ಟು ಏರುತ್ತದೆ. ಅದೂ ಎರಡಕ್ಕೂ ಸಮ. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ನೋಡಿದಾಗ, ಜಾಯಿಂಟುಗಳು ಹೊಸದಾಗಿದ್ದಷ್ಟು ಕಾಲ, ಎರಡು ಮೋಟರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಂಡಿಲ್ಲ.

ತೂಕದಲ್ಲಿ ಅಲ್ಯೂಮಿನಿಯಂ ಗೆಲ್ಲುತ್ತದೆ. 600 ಅಡಿಗೆ ತಾಮ್ರದ ಲೋಹವೇ 29 ಕಿಲೋ ಆದರೆ ಅಲ್ಯೂಮಿನಿಯಂ ಅದರ ಅರ್ಧ. ದಪ್ಪದಲ್ಲಿ ಅದು ಸೋಲುತ್ತದೆ, ಯಾಕೆಂದರೆ ಕೇಸಿಂಗ್ ಕಿರಿದಾಗಿರುವ ಬೋರಿನಲ್ಲಿ ದಪ್ಪ ಕೇಬಲ್ ಪೈಪಿನ ಜೋಡಣೆಗಳಿಗೆ ಉಜ್ಜಿ ಮೇಲಿನ ಹೊದಿಕೆ ಸವೆಯುತ್ತದೆ.

ನಿಜವಾದ ತೊಂದರೆ ಇರುವುದು ತಂತಿಯ ಉದ್ದದಲ್ಲಲ್ಲ, ಅದರ ತುದಿಗಳಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೇಬಲ್ ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ, ಹೇಳುವವರೂ ಕಡಿಮೆ. ಅಲ್ಯೂಮಿನಿಯಂ ತಂತಿಯ ಹೊದಿಕೆ ಸುಲಿದ ಕೂಡಲೇ ಗಾಳಿ ತಾಗಿ ಅದರ ಮೇಲೆ ಆಕ್ಸೈಡಿನ ಪದರ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ತಾಮ್ರಕ್ಕೂ ಕಿಲುಬು ಹಿಡಿಯುತ್ತದೆ, ಆದರೆ ಅದು ಇಷ್ಟು ಹಟಮಾರಿಯಲ್ಲ. ಸ್ಕ್ರೂ ಬಿಗಿಯುವ ಒತ್ತಡಕ್ಕೇ ಒಡೆದು ಲೋಹಕ್ಕೆ ಲೋಹ ತಾಗುತ್ತದೆ. ಎರಡನೆಯದಾಗಿ, ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸ್ಕ್ರೂವಿನ ಅಡಿಯಲ್ಲಿ ಒತ್ತಿ ಹಿಡಿದರೆ ಅದು ನಿಧಾನವಾಗಿ ಹರಡಿಕೊಂಡು ತೆಳುವಾಗುತ್ತ ಹೋಗುತ್ತದೆ, ಬಿಗಿ ಸಡಿಲುತ್ತದೆ. ಮೂರನೆಯದಾಗಿ, ಮೋಟರು ನಡೆಯುವಾಗ ಬಿಸಿಯಾಗಿ ಹಿಗ್ಗುವುದು, ಕರೆಂಟ್ ಹೋದಾಗ ತಣಿದು ಕುಗ್ಗುವುದು ತಾಮ್ರಕ್ಕಿಂತ ಅಲ್ಯೂಮಿನಿಯಂನಲ್ಲಿ ಮೂರನೇ ಒಂದರಷ್ಟು ಹೆಚ್ಚು. ಪಾಳಿಯ ಪ್ರಕಾರ ದಿನಕ್ಕೆ ಕೆಲವೇ ತಾಸು ಮೂರು ಫೇಸ್ ಬಂದು ಹೋಗುವ ನಮ್ಮಲ್ಲಿ ಈ ಹಿಗ್ಗು ಕುಗ್ಗು ಒಂದು ದಿನವೂ ತಪ್ಪುವುದಿಲ್ಲ.

ಇದರ ಫಲ ಸ್ಟಾರ್ಟರ್ ಡಬ್ಬಿಯಲ್ಲಿ ಕಾಣುತ್ತದೆ. ಮೊದಲು ಒಂದು ಥಿಂಬಲ್ (ತಂತಿಯ ತುದಿಗೆ ಒತ್ತಿ ಕೂರಿಸಿ ಸ್ಕ್ರೂವಿಗೆ ಬಿಗಿಯುವ ಲೋಹದ ತುಂಡು) ಕಪ್ಪಾಗುತ್ತದೆ, ಅದರ ಪಕ್ಕದ ಹೊದಿಕೆ ಗಟ್ಟಿಯಾಗಿ ಸೀಳುತ್ತದೆ, ಆ ಫೇಸಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಮೂರು ಫೇಸ್ ಮೋಟರಿಗೆ ಒಟ್ಟು ವೋಲ್ಟೇಜ್ ಕಡಿಮೆಯಾಗುವುದಕ್ಕಿಂತ ಫೇಸ್‌ಗಳು ಪರಸ್ಪರ ಸಮವಾಗಿಲ್ಲದಿರುವುದೇ ಹೆಚ್ಚು ಕೇಡು: ವೋಲ್ಟೇಜಿನಲ್ಲಿ ಶೇ 2ರಷ್ಟು ಅಸಮತೋಲನ ಬಂದರೆ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಅಸಮತೋಲನ ಬರುತ್ತದೆ, ಮೋಟರಿನೊಳಗಿನ ಒಂದು ವೈಂಡಿಂಗ್ (ತಂತಿಸುರುಳಿ) ಉಳಿದವುಗಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹಳೆಯ ಬೋರಿನ ಮೋಟರು ರೀವೈಂಡಿಂಗ್‌ಗೆ ಹೋದಾಗಲೆಲ್ಲ ಮೋಟರು ಸರಿಯಿಲ್ಲ, ವೋಲ್ಟೇಜ್ ಸರಿಯಿಲ್ಲ ಎಂಬ ಮಾತೇ ಬರುತ್ತಿತ್ತು. ಅದೇ ಟಿ.ಸಿ.ಯ ಕರೆಂಟಿನಲ್ಲಿ ಹೊಸ ಬೋರಿನ ಮೋಟರು ಒಮ್ಮೆಯೂ ಸುಡದೆ ನಡೆಯುತ್ತಿದ್ದುದರಿಂದ ನಾನು ಜಾಯಿಂಟುಗಳ ಕಡೆ ನೋಡಲು ಆರಂಭಿಸಿದೆ.

ನೀರಿನೊಳಗಿನ ಜಾಯಿಂಟಿನ ಕಥೆ ಇದಕ್ಕಿಂತ ಕಠಿಣ. ಮೋಟರಿನಿಂದ ಹೊರಬರುವ ಗಿಡ್ಡ ಕೇಬಲ್ ಯಾವಾಗಲೂ ತಾಮ್ರದ್ದು. ಅದಕ್ಕೆ ಅಲ್ಯೂಮಿನಿಯಂ ಸೇರಿಸಿದರೆ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಟೇಪಿನೊಳಗೆ ತೇವ ನುಗ್ಗಿದರೆ ಸಾಕು, ಉಪ್ಪಿನಂಶವಿರುವ ನಮ್ಮ ಬೋರ್ ನೀರಿನಲ್ಲಿ ಆ ಜೋಡಿ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕರಗುತ್ತದೆ. ಮೋಟರ್ ಎತ್ತಿಸಿ ಟೇಪ್ ಬಿಚ್ಚಿದಾಗ ಒಳಗೆ ತಂತಿಯಿರಬೇಕಾದಲ್ಲಿ ಬಿಳಿಯ ಹಿಟ್ಟು ಸಿಕ್ಕಿದ್ದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಇದಕ್ಕೆ ಪರಿಹಾರವಿಲ್ಲವೆಂದಲ್ಲ: ತಂತಿಯನ್ನು ಬ್ರಷ್ಷಿನಿಂದ ಉಜ್ಜಿ, ಕೂಡಲೇ ಆಕ್ಸೈಡ್ ತಡೆಯುವ ಗ್ರೀಸ್ ಹಚ್ಚಿ, ಒಂದು ಬದಿ ಅಲ್ಯೂಮಿನಿಯಂ ಇನ್ನೊಂದು ಬದಿ ತಾಮ್ರವಿರುವ ಜೋಡಣೆ ತುಂಡನ್ನು ಸರಿಯಾದ ಅಳತೆಯ ಯಂತ್ರದಿಂದ ಒತ್ತಿ ಕ್ರಿಂಪ್ ಮಾಡಿ, ನೀರು ಹೋಗದಂತೆ ಮುಚ್ಚಬೇಕು. ಆದರೆ ನಮ್ಮಲ್ಲಿ ಮೋಟರ್ ಎತ್ತುವ ತಂಡದವರು ಸಂಜೆಯೊಳಗೆ ಇನ್ನೊಂದು ಊರಿಗೆ ಹೋಗಬೇಕಾದವರು. ಅವರು ತಂತಿಗಳನ್ನು ಹೊಸೆದು ಟೇಪ್ ಸುತ್ತುತ್ತಾರೆ. ತಾಮ್ರಕ್ಕೆ ಆ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಅಲ್ಯೂಮಿನಿಯಂನ ಎಳೆಗಳು ಹೊಸೆಯುವಾಗಲೇ ಒಂದೊಂದಾಗಿ ಮುರಿಯುತ್ತವೆ.

ವಿಮಾನದಲ್ಲಿ ತೂಕಕ್ಕಿಂತ ದೊಡ್ಡ ಲೆಕ್ಕವಿಲ್ಲ, ಆದ್ದರಿಂದ ಮನೆಯ ಶೆಡ್ಡಿನಲ್ಲಿ ತಾವೇ ಸಣ್ಣ ವಿಮಾನ ಕಟ್ಟುವವರೂ ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ದಪ್ಪ ಕೇಬಲ್ಲಿಗೆ ಇದೇ ಎರಡು ಲೋಹಗಳನ್ನು ತೂಗಿ ನೋಡುತ್ತಾರೆ. ಆದರೂ ಅಮೆರಿಕದ ನಾಗರಿಕ ವಿಮಾನಯಾನ ಆಡಳಿತ 1998ರಲ್ಲಿ ಹೊರಡಿಸಿದ 43.13-1ಬಿ ಎಂಬ ಮಾರ್ಗದರ್ಶಿ, ಎಂಜಿನ್ನಿಗೆ ಕೂಡಿಸಿದ ಉಪಕರಣಗಳಿಗೆ, ಲೋಹ ಕೊರೆಯುವ ಆವಿಯಿರುವಲ್ಲಿ, ತೀವ್ರ ಕಂಪನವಿರುವಲ್ಲಿ, ಎಳೆತ ಬೀಳುವಲ್ಲಿ, ಪದೇ ಪದೇ ಬಿಚ್ಚಬೇಕಾಗುವಲ್ಲಿ ಅಲ್ಯೂಮಿನಿಯಂ ತಂತಿ ಬೇಡ ಎನ್ನುತ್ತದೆ. ಕಿಲೋ ಕಿಲೋ ಲೆಕ್ಕ ಹಾಕುವವರೇ ಇಂಥ ಜಾಗಗಳಲ್ಲಿ ತೂಕದ ಲಾಭ ಬಿಟ್ಟುಕೊಡುತ್ತಾರೆಂದರೆ ಅದನ್ನು ಗಮನಿಸಬೇಕು, ಏಕೆಂದರೆ ಆ ಪಟ್ಟಿಯಲ್ಲಿರುವ ಹೆಚ್ಚಿನವಕ್ಕೆ ಸಮನಾದದ್ದು ಕೊಳವೆಬಾವಿಯಲ್ಲಿದೆ: ಉಪ್ಪು ನೀರು, ಪಂಪಿನ ಅದುರು, ಪೈಪಿನ ಜೊತೆ ಜೋತುಬೀಳುವ ಭಾರ, ನೀರು ಕೆಳಗಿಳಿದಾಗಲೆಲ್ಲ ಮೋಟರ್ ಎತ್ತಿ ಇನ್ನೆರಡು ಪೈಪ್ ಸೇರಿಸುವ ಕೆಲಸ.

ಬೆಲೆಯಲ್ಲಿ ತಾಮ್ರ ನಮಗೆ ಎರಡು ಪಟ್ಟಿಗಿಂತ ಹೆಚ್ಚು ಬಿತ್ತು. ರೀವೈಂಡಿಂಗ್ ಖರ್ಚು, ಮೋಟರ್ ಎತ್ತುವ ಕೂಲಿ, ಹೂ ಕಚ್ಚುವ ಹೊತ್ತಿನಲ್ಲಿ ಗಿಡಕ್ಕೆ ನೀರು ತಪ್ಪಿದ ನಷ್ಟ, ಇಷ್ಟನ್ನು ಕೂಡಿಸಿದರೆ ಆ ಅಂತರ ನಮ್ಮ ಲೆಕ್ಕದಲ್ಲಿ ಮುಚ್ಚಿಹೋಗಿದೆ. ಹಳೆಯದಾದ ಮೇಲೆ ಗುಜರಿಯಲ್ಲೂ ತಾಮ್ರಕ್ಕೆ ಒಳ್ಳೆಯ ದುಡ್ಡು ಬರುತ್ತದೆ. ಅದೇ ಕಾರಣಕ್ಕೆ ಕಳ್ಳರೂ ಬರುತ್ತಾರೆ, ಮತ್ತು ತಾಮ್ರದ ವಿರುದ್ಧ ನಾನು ಒಪ್ಪುವ ಬಲವಾದ ಮಾತು ಇದೊಂದೇ. ಊರಿನಿಂದ ದೂರದ ಹೊಲದಲ್ಲಿ, ರಾತ್ರಿ ಯಾರೂ ಮಲಗದ ಕಡೆ, ನೆಲದ ಮೇಲೆ ತಾಮ್ರದ ಕೇಬಲ್ ಹಾಸುವುದು ಸರಿಯಲ್ಲ. ನಾವು ಸ್ಟಾರ್ಟರಿನಿಂದ ಬೋರಿನವರೆಗಿನ ಭಾಗವನ್ನು ಪೈಪಿನೊಳಗೆ ಹಾಕಿ, ನೇಗಿಲು ತಾಗದಷ್ಟು ಆಳಕ್ಕೆ ಹೂಳಿದ್ದೇವೆ.

ತಾಮ್ರವೆಂದು ಹೇಳಿ ಮಾರುವ, ಐಎಸ್‌ಐ ಗುರುತಿಲ್ಲದ ಅಗ್ಗದ ಕೇಬಲ್ ಮೂರನೆಯ ಆಯ್ಕೆ. ಅದನ್ನು ನಾನು ಒಂದು ತುಂಡು ತಂದು ನೋಡಿ ಬಿಟ್ಟೆ. ಅಂಥವುಗಳಲ್ಲಿ ಕೆಲವು ಅಲ್ಯೂಮಿನಿಯಂ ಎಳೆಯ ಮೇಲೆ ತೆಳುವಾಗಿ ತಾಮ್ರ ಹೊದಿಸಿದವು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ತಿಳಿಯುತ್ತದೆ: ಹೊರಗೆ ಕೆಂಪು ಒಳಗೆ ಬಿಳುಪಾದರೆ ಅದು ಹೊದಿಕೆಯ ತಾಮ್ರ, ಹೊರಗೆ ಬಿಳುಪು ಒಳಗೆ ಕೆಂಪಾದರೆ ತವರ ಲೇಪಿಸಿದ ಒಳ್ಳೆಯ ತಾಮ್ರ, ಅದಕ್ಕೆ ಹೆದರಬೇಕಿಲ್ಲ. ಅಯಸ್ಕಾಂತದಿಂದ ಏನೂ ಗೊತ್ತಾಗುವುದಿಲ್ಲ, ಎರಡು ಲೋಹಗಳೂ ಅಂಟುವುದಿಲ್ಲ. ಇನ್ನೂ ನಂಬುವಂಥದ್ದು ತಕ್ಕಡಿ. 6 ಸ್ಕ್ವೇರ್ ಎಂ.ಎಂ. ಕೋರ್ ಒಂದನ್ನು ಒಂದು ಮೀಟರ್ ಕತ್ತರಿಸಿ, ಹೊದಿಕೆ ಸುಲಿದು ತೂಗಿದರೆ ಅಪ್ಪಟ ತಾಮ್ರ 54 ಗ್ರಾಂ ಆಸುಪಾಸು ಬರಬೇಕು; ತಾಮ್ರ ಹೊದಿಸಿದ ಅಲ್ಯೂಮಿನಿಯಂ 20 ಗ್ರಾಂ ಸುತ್ತ ನಿಲ್ಲುತ್ತದೆ. ಲೋಹ ಅಪ್ಪಟವಾಗಿದ್ದು 45 ಗ್ರಾಂ ತೂಗಿದರೆ ಅದು 6 ಅಲ್ಲ, 5 ಸ್ಕ್ವೇರ್ ಎಂ.ಎಂ. ಎಂದು ತಿಳಿಯಬೇಕು.

ಹಾಗೆಂದು ನಮ್ಮ ತೋಟದಲ್ಲಿ ಅಲ್ಯೂಮಿನಿಯಂ ಇಲ್ಲವೇ ಇಲ್ಲ ಎಂದಲ್ಲ. ಟಿ.ಸಿ. ಕಂಬದಿಂದ ಸ್ಟಾರ್ಟರ್ ಡಬ್ಬಿಯವರೆಗೆ 16 ಸ್ಕ್ವೇರ್ ಎಂ.ಎಂ. ಅಲ್ಯೂಮಿನಿಯಂ ಆರ್ಮರ್ಡ್ (ಲೋಹದ ರಕ್ಷಾಕವಚವಿರುವ) ಕೇಬಲ್ ನೆಲದೊಳಗಿದೆ. ಅದು ಅಲುಗಾಡುವುದಿಲ್ಲ, ನೀರಿನಲ್ಲಿ ನಿಂತಿಲ್ಲ, ಎರಡು ತುದಿಗಳನ್ನೂ ಒಮ್ಮೆ ಕೂಡಿಸಿದ ಮೇಲೆ ಬಿಚ್ಚುವ ಪ್ರಸಂಗ ಬಂದಿಲ್ಲ. ಆ ಜಾಗಕ್ಕೆ ತಾಮ್ರ ಹಾಕುವುದು ನನ್ನ ಕಣ್ಣಿಗೆ ದುಂದುವೆಚ್ಚ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ತುಂಗಭದ್ರಾ ಕಾಲುವೆಯ ಪಕ್ಕದಲ್ಲಿ ನೆಲದ ಮೇಲೆಯೇ ಮೋಟರ್ ಕೂರಿಸಿಕೊಂಡವರಿಗೂ, ತುದಿಗಳು ಕೈಗೆಟಕುವಂತಿದ್ದು ಆಗಾಗ ಬಿಗಿ ನೋಡುವ ರೂಢಿಯಿದ್ದರೆ, ಅಲ್ಯೂಮಿನಿಯಂ ಸಾಕು. ನೀರು ಪ್ರತಿ ವರ್ಷ ಕೆಳಗಿಳಿಯುವ, ಮೋಟರನ್ನು ಮತ್ತೆ ಮತ್ತೆ ಎತ್ತಬೇಕಾಗುವ ಕುಷ್ಟಗಿ, ಯಲಬುರ್ಗಾ ಕಡೆಯ ಬೋರಿಗೆ ಮಾತ್ರ ನಾನು ಅದನ್ನು ಇಳಿಸುವುದಿಲ್ಲ. ಪೂರ್ತಿ ಉದ್ದಕ್ಕೆ ತಾಮ್ರ ಹಾಕುವಷ್ಟು ಹಣ ಕೈಯಲ್ಲಿಲ್ಲದಿದ್ದರೆ, ಬೋರಿನೊಳಗಿನ ಉದ್ದಕ್ಕಾದರೂ ತಾಮ್ರವನ್ನೇ ತಂದು, ಬೋರಿನ ಬಾಯಿಯ ಹತ್ತಿರ ಮುಚ್ಚಳವಿರುವ ಡಬ್ಬಿಯೊಂದನ್ನು ನಿಲ್ಲಿಸಿ, ಎರಡು ಲೋಹಗಳ ಥಿಂಬಲ್ ಬಳಸಿ ಅಲ್ಯೂಮಿನಿಯಂಗೆ ಅಲ್ಲಿ ಕೂಡಿಸಿಕೊಳ್ಳಬಹುದು. ಆಗ ಸಡಿಲಾಗುವ ಜಾಯಿಂಟು 600 ಅಡಿ ಕೆಳಗಿರದೆ ಕಣ್ಣೆದುರಿಗಿರುತ್ತದೆ.