ಮಳೆಗಾಲದ ಸ್ಪಿನ್ ತರಗತಿ, ಉಳಿದ ದಿನಗಳ ಚಾಮುಂಡಿ ಬೆಟ್ಟ

ಬೆಟ್ಟಕ್ಕೆ ಸೈಕಲ್ ತುಳಿಯುವವರಿಗೆ ಸ್ಪಿನ್ ತರಗತಿ, ಅಂದರೆ ಜಿಮ್ಮಿನಲ್ಲಿ ಸಂಗೀತದ ಲಯಕ್ಕೆ ಕದಲದ ಬೈಕ್ ತುಳಿಯುವ ಗುಂಪು ವ್ಯಾಯಾಮ, ಬೇಕೇ ಎಂದು ಮೈಸೂರಿನ ಗೆಳತಿಯರು ಕೇಳುತ್ತಾರೆ. ಮಳೆಗಾಲಕ್ಕೂ ಸಂಜೆ ಏಳರ ನಂತರದ ಹೊತ್ತಿಗೂ ಬೇಕು, ಉಳಿದಂತೆ ಬೇಡ ಎನ್ನುತ್ತೇನೆ. 2017ರಲ್ಲೇ ‘ಟ್ರಿನ್ ಟ್ರಿನ್’ ಬಾಡಿಗೆ ಸೈಕಲ್ ಬಂದ ಊರು ನಮ್ಮದು. ಆದರೂ ಕಚೇರಿ ಮುಗಿಸಿ ಬಂದ ಹೆಂಗಸು ಕತ್ತಲಲ್ಲಿ ಒಬ್ಬಳೇ ಬೆಟ್ಟದ ದಾರಿ ಹಿಡಿಯುವುದು ಸುಲಭವಲ್ಲ. ಆಷಾಢ ಶುಕ್ರವಾರಗಳಲ್ಲಂತೂ ಆ ದಾರಿ ಭಕ್ತರದು. ಹಾಗಾಗಿ ಬಡಾವಣೆಯ ಜಿಮ್ಮಿಗೆ ಸೇರಿದೆ.

ಅಲ್ಲಿನ ತರಬೇತುದಾರೆ ಸಮರ್ಥೆ. ಸಿಗ್ನಲ್ಲಾಗಲಿ, ರಸ್ತೆಗುಂಡಿಯಾಗಲಿ ಇಲ್ಲದ ಕಡೆ ಎದೆಬಡಿತವನ್ನು ಬೇಕಾದಷ್ಟು ಏರಿಸಿ ಇಳಿಸಬಹುದು. ಅದರ ಫಲ ಬೆಟ್ಟದ ಕೊನೆಯ ಏರಿನಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಾಗಿದೆ.

ವ್ಯವಸ್ಥೆಯ ಬಗ್ಗೆ ಮಾತ್ರ ಸಿಟ್ಟಿದೆ. ಅಲ್ಲಿರುವ ಬೈಕುಗಳಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ಪೆಡಲಿನ ಜೊತೆಗೇ ತಿರುಗುತ್ತದೆ. ನಾವು ತುಳಿಯುವುದನ್ನು ಬಿಟ್ಟರೂ ಪೆಡಲ್ ಬಿಡುವುದಿಲ್ಲ. ಬ್ರೇಕಿನಂತೆ ಕೆಲಸ ಮಾಡುವ ನಾಬ್ ಒತ್ತಿಯೇ ನಿಲ್ಲಿಸಬೇಕು. ಇದನ್ನು ಯಾರೂ ಹೇಳದ್ದರಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳ ಕಾಲಿಗೆ ಪೆಡಲ್ ಜೋರಾಗಿ ಬಡಿಯಿತು. ಸೀಟಿನ ಎತ್ತರ ನೋಡುವವರೂ ಇಲ್ಲ. ಪೆಡಲ್ ತೀರ ಕೆಳಗಿದ್ದಾಗ ಮೊಣಕಾಲು ತುಸು ಬಾಗಿರಬೇಕು. ಇಲ್ಲದಿದ್ದರೆ ನೋವು ಖಚಿತ. ಹಣ ಪಡೆದವರು ಇಷ್ಟನ್ನಾದರೂ ತಿಳಿಸಬೇಕು. ಇನ್ನು ಸೆಕೆ. ಹೊರಗೆ ನಮ್ಮ ವೇಗವೇ ಗಾಳಿ ಬೀಸಿ ಬೆವರು ಆರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಗಾಳಿಯಿಲ್ಲ, ಇರುವ ಒಂದು ಫ್ಯಾನ್ ಮುಂದಿನ ಸಾಲಿಗಷ್ಟೇ ಸಾಕು. ಅಷ್ಟೇ ಶ್ರಮಕ್ಕೆ ಒಳಗೆ ಬೇಗ ಸುಸ್ತಾಗುತ್ತದೆ.

ಆದರೆ ಈ ತರಗತಿಯಿಂದ ಸೈಕಲ್ ಸವಾರಿ ಬರುವುದಿಲ್ಲ. ನಂಜನಗೂಡು ರಸ್ತೆಯಲ್ಲಿ ಎದುರುಗಾಳಿ ಬೀಸಿದಾಗ ಇದು ತಿಳಿಯುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆಗ ಬೆನ್ನು ಬಗ್ಗಿಸಿ, ಮೊಣಕೈ ಒಳಗೆಳೆದು, ಮುಂದಿನವರ ಹಿಂದೆ ಅಂಟಿಕೊಂಡು ಹೋಗುವ ಜಾಣ್ಮೆ ಬೇಕು. ಇಳಿಜಾರು ಇನ್ನೂ ದೊಡ್ಡ ಪಾಠ. ಬೆಟ್ಟದಿಂದ ಇಳಿಯುವಾಗ ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ಹೊರಬದಿಯ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಮೈಭಾರ ಬಿಟ್ಟು, ಹೋಗಬೇಕಾದ ಕಡೆಗೇ ಕಣ್ಣು ನೆಡಬೇಕು. ನೆಲಕ್ಕೆ ಕಚ್ಚಿಕೊಂಡು ನಿಂತ ಬೈಕ್ ವಾಲುವುದೇ ಇಲ್ಲ. ಅದರ ಮೇಲೆ ವರ್ಷಗಟ್ಟಲೆ ಕುಳಿತರೂ ಈ ವಿದ್ಯೆ ಒಲಿಯದು. ತರಗತಿಯಲ್ಲಿ ಮುಂದಿದ್ದವರು ಬೆಟ್ಟದ ಮೊದಲ ತಿರುವಿನಲ್ಲೇ ತಡವರಿಸಿದ್ದನ್ನು ನೋಡಿದ್ದೇನೆ. ಲಲಿತಮಹಲಿನ ಬಿಳಿ ಗುಮ್ಮಟ ಕೆಳಗೆ ಕಾಣಿಸಿದಾಗ ಆಗುವ ಸಂತೋಷವನ್ನಂತೂ ಯಾವ ಸಂಗೀತವೂ ಕೊಡಲಾರದು.

ಸೇರುವವರು ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲೇ ಕಟ್ಟಿ. ಹತ್ತು ನಿಮಿಷ ಮೊದಲೇ ಹೋಗಿ ಸೀಟನ್ನು ನೀವೇ ಹೊಂದಿಸಿಕೊಂಡು, ಫ್ಯಾನಿನ ಎದುರಿನ ಬೈಕ್ ಹಿಡಿಯಿರಿ. ಜಿಮ್ಮಿನವರು ಇನ್ನೆರಡು ಫ್ಯಾನ್ ಹಾಕಿಸಿ, ಹೊಸಬರಿಗೆ ಬೈಕ್ ಪರಿಚಯಿಸಲು ಒಬ್ಬರನ್ನು ನಿಲ್ಲಿಸಿದರೆ ಮುಂದಿನ ಜೂನಿನಲ್ಲಿ ಮತ್ತೆ ಸೇರುತ್ತೇನೆ.